ಸಲಗಗಳನ್ನು ಕಾಡಿಗೆ ಅಟ್ಟಿ

ಪ್ರಿಯ ಲೇಖಕರೇ,

ಮಂಡ್ಯದಿಂದ ನೀವು ಕಳುಹಿಸಿದ ‘ಒಂಟಿಸಲಗಗಳು’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಊರೂರು ಅಲೆಯುತ್ತ ದುಷ್ಟರನ್ನು ಬಡಿಯುವ ಒಂಟಿ ನಾಯಕರ ಅಪರಾಧ ಧಾರಾವಾಹಿಗಳು ನಮ್ಮನ್ನು ಏಕೆ ಹಿಡಿದು ಕೂರಿಸುತ್ತವೆ ಎಂಬ ಪ್ರಶ್ನೆಯೂ ಒಳ್ಳೆಯದೇ. ಆದರೂ ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ.

ಮೂರನೆಯ ಪ್ಯಾರಾದ ಮೊದಲ ವಾಕ್ಯ: ‘ಕಿಂಬಲ್ ಆಗಲಿ ರೀಚರ್ ಆಗಲಿ, ಸ್ವಾತಂತ್ರ್ಯವನ್ನು ಅರಸಿ ಮನೆ ಬಿಟ್ಟವರು.’ ಇದು ನನ್ನನ್ನು ಕೆರಳಿಸಿತು. 1963ರಿಂದ 1967ರವರೆಗೆ 120 ಕಂತುಗಳಲ್ಲಿ ಪ್ರಸಾರವಾದ ಅಮೆರಿಕದ ಧಾರಾವಾಹಿ ‘ದಿ ಫ್ಯುಜಿಟಿವ್’ನ ಡಾಕ್ಟರ್ ಕಿಂಬಲ್ ಮನೆ ಬಿಟ್ಟವನಲ್ಲ, ಹೆಂಡತಿಯನ್ನು ಕೊಂದನೆಂಬ ಸುಳ್ಳು ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿ, ಕರೆದೊಯ್ಯುತ್ತಿದ್ದ ರೈಲು ಹಳಿ ತಪ್ಪಿದ್ದರಿಂದ ತಪ್ಪಿಸಿಕೊಂಡವನು. ಅವನಿಗೆ ನೆಲೆ ನಿಲ್ಲುವ ಆಸೆಯಿದೆ, ನಿಲ್ಲಗೊಡುವವರಿಲ್ಲ. 2022ರಲ್ಲಿ ಬಂದ, ಅಲ್ಲಿನದೇ ‘ರೀಚರ್’ ಧಾರಾವಾಹಿಯ ನಾಯಕನಾದರೋ ಸೇನಾ ಪೊಲೀಸಿನಲ್ಲಿ ಮೇಜರ್ ಆಗಿದ್ದು, ಈಗ ಬೇಕೆಂದೇ ಅಲೆಯುವವನು. ಬಸ್ಸಿನಿಂದಿಳಿದು, ಹೋಟೆಲಿನಲ್ಲಿ ಪೀಚ್ ಹಣ್ಣಿನ ಪೈ ತರಿಸಿಕೊಂಡು, ತುತ್ತು ಬಾಯಿಗಿಡುವ ಮೊದಲೇ ಪೊಲೀಸರು ಅವನನ್ನು ಕೊಲೆಯ ಅನುಮಾನದ ಮೇಲೆ ಹಿಡಿಯುತ್ತಾರೆ. ನೀವು ಇದನ್ನು ‘ರೋಚಕ ಆರಂಭ’ ಎಂದು ಎರಡು ಪದಗಳಲ್ಲಿ ಮುಗಿಸಿದ್ದೀರಿ. ಆ ತಟ್ಟೆಯಲ್ಲೇ ವಿಷಯವಿತ್ತಲ್ಲ, ಸ್ವಾಮಿ!

ಮುಂದಿನ ವಾಕ್ಯ: ‘ಒಂಟಿಸಲಗದಂತೆ ನುಗ್ಗಿ ವೈರಿಗಳನ್ನು ಚಿಂದಿ ಉಡಾಯಿಸುತ್ತಾನೆ.’ ಇದೇ ಉಪಮೆ ಐದು ಕಡೆ ಬಂದಿದೆ. ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಯಾವ ರೈತರನ್ನಾದರೂ ಕೇಳಿ, ಸಲಗ ಬಂದುಹೋದ ಬೆಳಗ್ಗೆ ರಾಗಿ ಹೊಲ ಹೇಗಿರುತ್ತದೆಂದು. ರೀಚರ್ ಹೋದ ಮೇಲೆ ಊರು ನಿಟ್ಟುಸಿರು ಬಿಡುತ್ತದೆ. ಸಲಗ ಹೋದ ಮೇಲೆ ರೈತ ಪರಿಹಾರದ ಅರ್ಜಿ ಹಿಡಿದು ಅರಣ್ಯ ಇಲಾಖೆಗೆ ಅಲೆಯುತ್ತಾನೆ.

ನಾನು ಮೈಸೂರಿನ ಒಂದು ಸಂಜೆ ಪತ್ರಿಕೆಗೆ ಸೇರಿದ ಹೊಸತರಲ್ಲಿ, ದೇವರಾಜ ಮಾರುಕಟ್ಟೆಯ ಜಗಳವೊಂದರ ವರದಿಯಲ್ಲಿ ‘ಸಿಂಹದಂತೆ ಘರ್ಜಿಸಿದ’ ಎಂದು ಬರೆದಿದ್ದೆ. ಹಿರಿಯ ಉಪಸಂಪಾದಕರು ಕಿವಿಗೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲ್ ತೆಗೆದು, ‘ಸಿಂಹ ನೋಡೋಕೆ ಝೂಗೆ ಹೋಗ್ತೀನಿ ಕಣಯ್ಯ, ಅವನು ಏನಂದ ಅದನ್ನ ಬರಿ’ ಎಂದರು. ಅವನು ಏನಂದನೆಂಬುದು ನನಗೆ ಗೊತ್ತಿರಲಿಲ್ಲ. ಮತ್ತೆ ಮಾರುಕಟ್ಟೆಗೆ ನಡೆದು, ವೀಳ್ಯದೆಲೆ ಮಾರುವವರನ್ನು ಕೇಳಿಕೊಂಡು ಬಂದೆ. ‘ತಕ್ಕಡಿ ಕೆಳಗಿಡು’ ಎಂದಷ್ಟೇ ಹೇಳಿದ್ದನಂತೆ.

ಇನ್ನು, ನಿಮ್ಮ ಕೊನೆಯ ಪುಟದಲ್ಲಿ ಒಂದು ವಾಕ್ಯ ಅಡಗಿ ಕುಳಿತಿದೆ: ‘ನಮ್ಮೂರಿನಲ್ಲಿ ಹೊಸ ಮುಖ ಕಂಡರೆ ಯಾರ ಮಗನೆಂದು ಕೇಳುತ್ತಾರೆ.’ ಅದನ್ನೇಕೆ ಮೂಲೆಗೆ ತಳ್ಳಿದಿರಿ? ಯಾರ ಮಗ, ಯಾವ ಕಡೆಯವನು ಎಂಬುದಕ್ಕೆ ಉತ್ತರ ಹೇಳುತ್ತಲೇ ಆಯುಸ್ಸು ಸವೆಸುವ ನಮಗೆ, ಹಲ್ಲುಜ್ಜುವ ಬ್ರಷ್ ಹೊರತು ಗಂಟುಮೂಟೆಯಿಲ್ಲದ, ಊರಿನ ಯಾರ ಸಾಲವಾಗಲಿ ಹಂಗಾಗಲಿ ಇಲ್ಲದ ಒಬ್ಬ ಅಪರಿಚಿತ ಊರವರೆಲ್ಲ ನುಂಗಿಕೊಂಡ ಮಾತನ್ನು ನಡುಬೀದಿಯಲ್ಲಿ ಆಡಿಬಿಡುತ್ತಾನೆಂಬುದು ಅವನ ಮುಷ್ಟಿಗಿಂತ ದೊಡ್ಡ ಆಕರ್ಷಣೆ ಎಂದೇ ನನಗೆ ತೋರುತ್ತದೆ.

ಆ ವಾಕ್ಯದಿಂದಲೇ ಆರಂಭಿಸಿ, ಹೊಸದಾಗಿ ಬರೆದು ಕಳುಹಿಸಿ. ನಿಮ್ಮೂರಿನಲ್ಲಿ ಹಾಗೆ ಕೇಳಿದವರು ಯಾರು, ಆಗ ಅವರ ಕೈಯಲ್ಲಿ ಏನಿತ್ತು ಎಂಬುದೂ ಅದರಲ್ಲಿರಲಿ.

ಇಂತಿ,
ಸಂಪಾದಕ