ಹಡಗು ತಾಳದ ನದಿ: ‘ಪತಿಯೆನ್ಸ್’ ಎಂಬ ಲ್ಯಾಟಿನ್ ವಿಶೇಷಣ

ಪ್ರಶ್ನೆ: ನಿವೃತ್ತನಾದ ಮೇಲೆ ಹವ್ಯಾಸಕ್ಕೆಂದು ಲ್ಯಾಟಿನ್ ಕಲಿಯುತ್ತಿದ್ದೇನೆ. ‘ಪತಿಯೆನ್ಸ್’ ಎಂಬ ವಿಶೇಷಣಕ್ಕೆ ‘ಸಹನಶೀಲ’ ಎಂದು ಅರ್ಥ ಬರೆದಿಟ್ಟುಕೊಂಡಿದ್ದೆ. ಈಗ ಲಿವಿಯ ರೋಮ್ ಇತಿಹಾಸದ 21ನೆಯ ಪುಸ್ತಕ ಓದುವಾಗ ಒಂದು ನದಿಯ ವಿಷಯದಲ್ಲಿ ‘ನೋನ್ ತಮೆನ್ ನಾವಿಯುಮ್ ಪತಿಯೆನ್ಸ್ ಎಸ್ತ್’ ಎಂಬ ಮಾತು ಎದುರಾಯಿತು. ‘ಹಡಗುಗಳ ಸಹನಶೀಲವಲ್ಲ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಸರಿಯಾದ ಅರ್ಥವೇನು? (ಓದುಗರೊಬ್ಬರು, ಶಿರಸಿ)

ಉತ್ತರ: ತೊಡಕು ನಿಮ್ಮ ಓದಿನಲ್ಲಿಲ್ಲ, ‘ಸಹನಶೀಲ’ ಎಂಬ ಅನುವಾದದಲ್ಲಿದೆ. ‘ಸಹನೆ’ ಎಂದೊಡನೆ ನಮಗೆ ನೆನಪಾಗುವುದು ಮನುಷ್ಯನ ಮನಸ್ಸು. ಸಿಟ್ಟು ಬಂದರೂ ನುಂಗಿಕೊಂಡವರನ್ನು ನಾವು ಸಹನಶೀಲರು ಎನ್ನುತ್ತೇವೆ. ಲ್ಯಾಟಿನ್ ಪದಕ್ಕೆ ಮನಸ್ಸೇ ಬೇಕೆಂದಿಲ್ಲ. ತನ್ನ ಮೇಲೆ ಬಿದ್ದದ್ದನ್ನು ಹೊರಬಲ್ಲ ಯಾವುದೇ ವಸ್ತು, ಪ್ರಾಣಿ, ನೆಲ, ನೀರು ‘ಪತಿಯೆನ್ಸ್’ ಎನ್ನಿಸಿಕೊಳ್ಳಬಹುದು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ತಾಳು’. ‘ಈ ಸೇತುವೆ ಲಾರಿಯ ಭಾರ ತಾಳುವುದಿಲ್ಲ’, ‘ಈ ಸಸಿ ಬಿಸಿಲು ತಾಳುತ್ತದೆ’ ಎನ್ನುವಾಗ ಸೇತುವೆಗಾಗಲಿ ಸಸಿಗಾಗಲಿ ತಾಳ್ಮೆಯೆಂಬ ಗುಣವನ್ನು ನಾವು ಆರೋಪಿಸುವುದಿಲ್ಲವಷ್ಟೆ. ಹಾಗೆಯೇ ಲಿವಿ ಹೇಳುತ್ತಿರುವುದು ‘ಆದರೂ ಅದು ಹಡಗುಗಳನ್ನು ತಾಳುವಂಥದ್ದಲ್ಲ’ ಎಂದು. ಅಂದರೆ ಅದರಲ್ಲಿ ಹಡಗು ನಡೆಯದು.

ಆ ಸಂದರ್ಭವನ್ನು ಇಡಿಯಾಗಿ ಓದಿದರೆ ಪದದ ಬಿಗಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕ್ರಿ.ಪೂ. 218ರಲ್ಲಿ ರೋಮಿನ ವೈರಿ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ತನ್ನ ಸೈನ್ಯದೊಂದಿಗೆ ಆಲ್ಪ್ಸ್ ಪರ್ವತದತ್ತ ಸಾಗುವಾಗ ಅಡ್ಡಬಂದ ನದಿ ದ್ರುಎಂತಿಯಾ. ಇಂದಿನ ಫ್ರಾನ್ಸಿನ ದ್ಯುರಾನ್ಸ್. ನೀರಿಗೇನೂ ಕೊರತೆಯಿಲ್ಲ. ಆದರೆ ದಡಗಳು ಅದನ್ನು ಹಿಡಿದಿಡುವುದಿಲ್ಲ, ಅದು ಒಮ್ಮೆಗೇ ಹಲವು ಕವಲಾಗಿ ಹರಿಯುತ್ತದೆ, ಆ ಕವಲುಗಳೂ ನಿತ್ಯ ಅವೇ ಆಗಿರುವುದಿಲ್ಲ, ಹೊಸ ಹಾಯ್ಗಡಗಳೂ ಹೊಸ ಮಡುಗಳೂ ಹುಟ್ಟುತ್ತಲೇ ಇರುತ್ತವೆ, ಸಾಲದೆಂಬಂತೆ ನೀರಿನಡಿಯಲ್ಲಿ ಕಲ್ಲುಗಳು ಉರುಳುತ್ತಿರುವುದರಿಂದ ಇಳಿದವನ ಕಾಲಿಗೆ ನೆಲೆಯೇ ಸಿಗುವುದಿಲ್ಲ ಎಂದು ಲಿವಿ ವರ್ಣಿಸುತ್ತಾನೆ. ಇಷ್ಟು ನೀರಿದ್ದೂ ಹಡಗು ತಾಳದ ನದಿ. ಈ ‘ಇದ್ದೂ’ ಎಂಬುದರ ಭಾರವೆಲ್ಲ ‘ತಮೆನ್’ ಎಂಬ ಪುಟ್ಟ ಪದದ ಮೇಲಿದೆ.

ಇನ್ನು ವ್ಯಾಕರಣ. ‘ಪತಿಯೆನ್ಸ್’ ಹುಟ್ಟಿನಿಂದ ಕೃದಂತ. ‘ಪತಿಯೊರ್’ ಎಂಬ ಕ್ರಿಯಾಪದದ ವರ್ತಮಾನ ರೂಪ, ಬಳಕೆಯಲ್ಲಿ ವಿಶೇಷಣವಾಗಿ ನೆಲೆನಿಂತಿದೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ ಮೂರಕ್ಕೂ ಪ್ರಥಮಾ ಏಕವಚನದಲ್ಲಿ ಒಂದೇ ರೂಪ. ಯಾವುದನ್ನು ತಾಳುತ್ತದೆಯೋ ಆ ಪದ ಷಷ್ಠಿಯಲ್ಲಿ ಬಂದರೆ ಅದು ಸ್ವಭಾವ, ದ್ವಿತೀಯೆಯಲ್ಲಿ ಬಂದರೆ ಆ ಹೊತ್ತಿನ ಸ್ಥಿತಿ. ‘ಪತಿಯೆನ್ಸ್ ಫ್ರಿಗೊರಿಸ್’ ಎಂದರೆ ಚಳಿ ತಾಳುವವನು; ‘ಪತಿಯೆನ್ಸ್ ಫ್ರಿಗುಸ್’ ಎಂದರೆ ಚಳಿಯನ್ನು ತಾಳುತ್ತಿರುವವನು. ಕನ್ನಡವು ‘ತಾಳುವ’ ಮತ್ತು ‘ತಾಳುತ್ತಿರುವ’ ಎಂದು ಕ್ರಿಯಾರೂಪವನ್ನು ಬದಲಿಸಿ ತೋರಿಸುವ ವ್ಯತ್ಯಾಸವನ್ನು ಲ್ಯಾಟಿನ್ ಪಕ್ಕದ ಪದದ ವಿಭಕ್ತಿಯನ್ನು ಬದಲಿಸಿ ತೋರಿಸುತ್ತದೆ. ನಿಮ್ಮ ವಾಕ್ಯದ ‘ನಾವಿಯುಮ್’ ಷಷ್ಠೀ ಬಹುವಚನ. ಆದ್ದರಿಂದ ಅಲ್ಲಿರುವುದು ನದಿಯ ಸ್ವಭಾವದ ಮಾತು.

ವರ್ಜಿಲನ ಬೇಸಾಯದ ಕಾವ್ಯ ‘ಜಾರ್ಜಿಕ್ಸ್’ನಲ್ಲಿ ಕಾಪುವಾ ಮತ್ತು ವೆಸೂವಿಯಸ್ ಸೀಮೆಯ ಮಣ್ಣು ದನಕರುಗಳಿಗೆ ಒಗ್ಗುವುದು, ಬಾಗಿದ ನೇಗಿಲ ಗುಳವನ್ನು ತಾಳುವುದು ಎಂಬ ಹೊಗಳಿಕೆ ಬರುತ್ತದೆ. ಅಲ್ಲಿರುವುದೂ ಇದೇ ಪದ, ಇದೇ ಷಷ್ಠಿ. ಭೂಮಿಗೆ ‘ಸರ್ವಂಸಹಾ’ ಎಂಬ ಹೆಸರನ್ನು ಅಮರಕೋಶದಲ್ಲಿ ಬಾಯಿಪಾಠ ಮಾಡಿದವರಿಗೆ ಈ ಸಾಲು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ರೋಗಿಯನ್ನು ‘ಪೇಷೆಂಟ್’ ಎನ್ನುವುದಕ್ಕೂ ವ್ಯಾಕರಣದ ‘ಪ್ಯಾಸಿವ್’ಗೂ ಮೂಲ ಒಂದೇ ಎಂದು ಕೇಳಿದೆ. ನಿಜವೆ? ಹಾಗೆಯೇ, ನಮ್ಮ ‘ಪತಿ’ಗೂ ಇದಕ್ಕೂ ನಂಟಿದೆಯೆ? (ಓದುಗರೊಬ್ಬರು, ಹಾಸನ)

ಉತ್ತರ: ಮೊದಲನೆಯದು ನಿಜ. ‘ಪತಿಯೊರ್’ ಎಂದರೆ ಅನುಭವಿಸು, ಈಡಾಗು, ಪಡು. ನೋವು ಪಡುವವನು ‘ಪೇಷೆಂಟ್’. ಕ್ರಿಯೆಗೆ ಈಡಾದುದನ್ನು ಮುಂದಿಟ್ಟು ಹೇಳುವ ಪ್ರಯೋಗ ‘ಪ್ಯಾಸಿವ್’. ಯೇಸುವಿನ ಯಾತನೆ ‘ಪ್ಯಾಶನ್’. ಕನ್ನಡಿಗರಿಗೆ ಇದು ದೂರದ ಮಾತಾಗಬೇಕಿಲ್ಲ. ನಾವೂ ‘ಕಷ್ಟ ಪಡು’, ‘ನೋವು ಪಡು’ ಎನ್ನುತ್ತೇವೆ, ಅದೇ ‘ಪಡು’ವನ್ನು ಹಚ್ಚಿ ‘ಬರೆಯಲ್ಪಡು’, ‘ಹೇಳಲ್ಪಡು’ ಎಂದು ಕರ್ಮಣಿ ಪ್ರಯೋಗ ಕಟ್ಟುತ್ತೇವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಅನುಭವಿಸುವುದನ್ನೂ ಕರ್ಮಣಿಯನ್ನೂ ಒಂದೇ ಧಾತುವಿಗೆ ಕಟ್ಟಿಹಾಕಿರುವುದು ನನಗಂತೂ ಪ್ರತಿ ಸಲವೂ ಬೆರಗು ತರುತ್ತದೆ. (ಕನ್ನಡ ಗದ್ಯದಲ್ಲಿ ‘ಅಲ್ಪಡು’ ಕಂಡರೆ ಕೆಂಪು ಗೆರೆ ಎಳೆಯುವವರಲ್ಲಿ ನಾನೂ ಒಬ್ಬ ಎಂಬುದು ಬೇರೆ ಮಾತು.)

ಎರಡನೆಯದು ನಿಜವಲ್ಲ. ಸಂಸ್ಕೃತದ ‘ಪತಿ’ಗೆ ಲ್ಯಾಟಿನ್ನಿನಲ್ಲಿರುವ ಬಂಧು ‘ಪೊತಿಸ್’, ಅಂದರೆ ಸಮರ್ಥ, ಒಡೆಯ. ಗೃಹಸ್ಥರು ಬೇಸರಪಡಬಾರದು, ಧ್ವನಿಸಾಮ್ಯ ಬರಿಯ ಆಕಸ್ಮಿಕ.

ಪ್ರಶ್ನೆ: ಈ ಪದದಿಂದಾದ ‘ಪತಿಯೆಂತಿಯಾ’ ರೋಮನ್ನರಲ್ಲಿ ಯಾವಾಗಲೂ ಹೊಗಳಿಕೆಯ ಗುಣವಾಗಿತ್ತೆ? (ಓದುಗರೊಬ್ಬರು, ಧಾರವಾಡ)

ಉತ್ತರ: ಇಲ್ಲ. ಒಬ್ಬನೇ ವ್ಯಕ್ತಿಯ ಸುತ್ತ ಈ ಪದ ಎರಡು ದಿಕ್ಕಿನಲ್ಲಿ ತಿರುಗುವುದನ್ನು ನೋಡಿ. ಕ್ರಿ.ಪೂ. 63ರಲ್ಲಿ ರೋಮಿನ ವಿರುದ್ಧ ಸಂಚು ಹೂಡಿದ ಕ್ಯಾಟಿಲೈನನ ದೇಹವನ್ನು ಇತಿಹಾಸಕಾರ ಸ್ಯಾಲಸ್ಟ್ ‘ಪತಿಯೆನ್ಸ್’ ಎಂದು ಕರೆಯುತ್ತಾನೆ: ಹಸಿವು, ಚಳಿ, ನಿದ್ದೆಗೇಡು ಇವನ್ನು ಯಾರೂ ನಂಬಲಾರದಷ್ಟು ತಾಳುವ ಮೈ. ಅದೇ ಕ್ಯಾಟಿಲೈನನ ಎದುರು ನಿಂತು ವಾಗ್ಮಿ ಸಿಸೆರೊ ಸೆನೆಟ್ ಸಭೆಯಲ್ಲಿ ಆಡಿದ ಮೊದಲ ಮಾತು, ‘ಇನ್ನೆಷ್ಟು ಕಾಲ, ಕ್ಯಾಟಿಲೈನ, ನಮ್ಮ ಪತಿಯೆಂತಿಯಾವನ್ನು ದುರುಪಯೋಗ ಮಾಡಿಕೊಳ್ಳುವೆ?’ ಎಂಬುದು. ಸಂಚುಗಾರನ ತಾಳಿಕೆ ಅವನ ಬಲ. ಸೆನೆಟ್‌ನ ತಾಳ್ಮೆ ಅದರ ದೌರ್ಬಲ್ಯವಾಗುತ್ತಿದೆ ಎಂಬ ಚುಚ್ಚು ಸಿಸೆರೊನ ಪ್ರಶ್ನೆಯಲ್ಲಿದೆ.

ಇದಕ್ಕಿಂತ ಕಹಿಯಾದ ಬಳಕೆ ಟ್ಯಾಸಿಟಸನದು. ಚಕ್ರವರ್ತಿ ಡೊಮಿಷನ್ ಕ್ರಿ.ಶ. 81ರಿಂದ 96ರವರೆಗೆ ಆಳಿದ. ಅವನ ಕಾಲದಲ್ಲಿ ಗ್ರಂಥಗಳನ್ನು ಸುಟ್ಟದ್ದನ್ನು ನೆನೆದು, ಮಾವ ಅಗ್ರಿಕೊಲನ ಜೀವನಚರಿತ್ರೆಯ ಆರಂಭದಲ್ಲಿ ಟ್ಯಾಸಿಟಸ್ ‘ನಾವು ಪತಿಯೆಂತಿಯಾಕ್ಕೆ ದೊಡ್ಡ ನಿದರ್ಶನವನ್ನೇ ಕೊಟ್ಟೆವು’ ಎನ್ನುತ್ತಾನೆ. ಹಿಂದಿನವರು ಸ್ವಾತಂತ್ರ್ಯದ ತುತ್ತತುದಿ ಕಂಡರು, ನಾವು ದಾಸ್ಯದ ತುತ್ತತುದಿ ಕಂಡೆವು ಎಂದು ಮುಂದುವರಿಸುತ್ತಾನೆ. ಇಲ್ಲಿ ‘ತಾಳ್ಮೆ’ ಎಂದು ಅನುವಾದಿಸಿದರೆ ವ್ಯಂಗ್ಯ ಸತ್ತುಹೋಗುತ್ತದೆ. ‘ತೆಪ್ಪಗೆ ಸಹಿಸಿಕೊಂಡದ್ದಕ್ಕೆ’ ಎಂದರೆ ಸರಿಹೋದೀತು. ಕ್ರೈಸ್ತ ಲ್ಯಾಟಿನ್‌ಗೆ ಬಂದಾಗ ಪದ ಮತ್ತೆ ಮೃದುವಾಗುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೀತಿಯೇ ‘ಪತಿಯೆನ್ಸ್’. ಅಲ್ಲಿ ‘ತಾಳ್ಮೆಯುಳ್ಳದ್ದು’ ಎಂಬ ಕನ್ನಡ ಸಲೀಸಾಗಿ ಕೂರುತ್ತದೆ.

ಪ್ರಶ್ನೆ: ಕರ್ಣಕುಂಡಲದ ಗಿಡಕ್ಕೆ ‘ಇಂಪೇಷಿಯೆನ್ಸ್’ ಎಂಬ ಶಾಸ್ತ್ರೀಯ ಹೆಸರೇಕೆ? (ಓದುಗರೊಬ್ಬರು, ಮಡಿಕೇರಿ)

ಉತ್ತರ: ನಿಷೇಧಾರ್ಥದ ‘ಇನ್’ ಸೇರಿ ಆದ ರೂಪ ‘ಇಂಪತಿಯೆನ್ಸ್’, ತಾಳದ್ದು. ವರ್ಜಿಲನ ಯುದ್ಧಕಾವ್ಯದಲ್ಲಿ ಈಟಿ ತಗುಲಿದ ಕುದುರೆ ಗಾಯ ತಾಳದೆ ಮುಂಗಾಲೆತ್ತಿ ನಿಲ್ಲುವಾಗ ಇದೇ ವಿಶೇಷಣ ಬಂದಿದೆ. ಗಿಡದ ವಿಷಯದಲ್ಲಿ ತಾಳದಿರುವುದು ಸ್ಪರ್ಶವನ್ನು. ಮಳೆಗಾಲದ ಕೊನೆಯಲ್ಲಿ ಬಲಿತ ಒಂದು ಕಾಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ: ಸಿಪ್ಪೆಯ ಐದು ಹೋಳುಗಳು ಥಟ್ಟನೆ ಬಿರಿದು ಒಳಕ್ಕೆ ಸುರುಳಿಸುತ್ತಿಕೊಳ್ಳುತ್ತವೆ, ಬೀಜಗಳು ಸಿಡಿದು ಅಂಗೈಗೆ ತಾಕುತ್ತವೆ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ಕರ್ಣಕುಂಡಲವೂ ಇದೆ, ಅದೇ ಕುಲದ ಯುರೋಪಿನ ಇನ್ನೊಂದು ಗಿಡವೂ ಇದೆ. ಆ ಎರಡನೆಯದಕ್ಕೆ ಅವನು ಇಟ್ಟ ಜಾತಿನಾಮ ‘ನೋಲಿ ತಾಂಗೆರೆ’, ಅಂದರೆ ‘ಮುಟ್ಟಬೇಡ’.