ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಎಷ್ಟು ಭದ್ರ?

ಪ್ರಶ್ನೆ: ನಮ್ಮದು ಸಣ್ಣ ಡಿಟಿಪಿ ಅಂಗಡಿ. ಒಂದೇ ಕಂಪ್ಯೂಟರ್, ನಾನು ಮತ್ತು ಇಬ್ಬರು ಹುಡುಗರು ಅದರಲ್ಲೇ ಕೆಲಸ ಮಾಡುತ್ತೇವೆ. ಜಿಮೇಲ್, ಬ್ಯಾಂಕ್, ಜಿಎಸ್‌ಟಿ ಎಲ್ಲದರ ಪಾಸ್‌ವರ್ಡ್ ಕ್ರೋಮ್‌ನಲ್ಲಿ ಸೇವ್ ಆಗಿದೆ. ನೋಡಲು ಹೋದರೆ ವಿಂಡೋಸ್ ಪಿನ್ ಕೇಳುತ್ತದೆ. ಹಾಗಾದರೆ ಸುರಕ್ಷಿತ ತಾನೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಇಲ್ಲ, ನೀವು ಅಂದುಕೊಂಡಷ್ಟು ಸುರಕ್ಷಿತವಲ್ಲ. ಆ ಪಿನ್ ಅಡ್ಡ ಬರುವುದು ಪಾಸ್‌ವರ್ಡನ್ನು ಪರದೆಯ ಮೇಲೆ ತೋರಿಸುವಾಗ ಮಾತ್ರ. ಹುಡುಗರು ಅದನ್ನು ನೋಡಬೇಕಾಗಿಯೇ ಇಲ್ಲ. ಸೈಟ್ ತೆರೆದರೆ ಕ್ರೋಮ್ ತಾನೇ ತುಂಬಿಸಿಕೊಡುತ್ತದೆ, ಲಾಗಿನ್ ಒತ್ತಿದರೆ ಆಯಿತು. ಚುಕ್ಕಿಗಳ ಹಿಂದೆ ಏನಿದೆ ಎಂದು ಕಾಣಬೇಕಾದರೂ ವೆಬ್ ಪುಟದ ಕೋಡ್‌ನಲ್ಲಿ ಒಂದೇ ಒಂದು ಪದ ಬದಲಿಸಿದರೆ ಸಾಕು, ಸ್ವಲ್ಪ ಕಂಪ್ಯೂಟರ್ ಗೊತ್ತಿರುವ ಯಾರಿಗಾದರೂ ಇದು ಒಂದು ನಿಮಿಷದ ಕೆಲಸ.

ಮೊದಲು ಈ ಪಿನ್ ಕೇಳುವ ಪದ್ಧತಿಯೂ ಇರಲಿಲ್ಲ. 2013ರಲ್ಲಿ ಒಬ್ಬ ಡೆವಲಪರ್ ಇದನ್ನು ಬಹಿರಂಗವಾಗಿ ಪ್ರಶ್ನೆ ಮಾಡಿದಾಗ ದೊಡ್ಡ ಚರ್ಚೆಯೇ ಆಯಿತು. ನಿಮ್ಮ ಕಂಪ್ಯೂಟರಿನ ಲಾಗಿನ್ ಇನ್ನೊಬ್ಬರ ಕೈಗೆ ಸಿಕ್ಕ ಮೇಲೆ ಬ್ರೌಸರ್ ಏನೂ ಮಾಡಲಾಗದು, ನಿಜವಾದ ಗೋಡೆ ಅಂದರೆ ವಿಂಡೋಸ್ ಅಕೌಂಟೇ ಎಂಬುದು ಕ್ರೋಮ್ ಭದ್ರತೆ ನೋಡಿಕೊಳ್ಳುತ್ತಿದ್ದವರ ವಾದ. ಜನರಿಗೆ ಸಿಟ್ಟು ಬಂತು, ಆಮೇಲೆ ಪಿನ್ ಕೇಳುವುದೂ ಬಂತು. ಆದರೆ ಆ ವಾದದಲ್ಲಿ ಸತ್ಯವಿತ್ತು ಎಂದೇ ನನಗನ್ನಿಸುತ್ತದೆ.

ಒಳಗೆ ನಡೆಯುವುದು ಹೀಗೆ. ಪಾಸ್‌ವರ್ಡ್‌ಗಳು ‘ಲಾಗಿನ್ ಡೇಟಾ’ ಎಂಬ ಫೈಲಿನಲ್ಲಿರುತ್ತವೆ. ಹಾಗೇ ಓದಲು ಬರುವುದಿಲ್ಲ, 2020ರಿಂದ ಎಇಎಸ್-256 ಎಂಬ ಗಟ್ಟಿ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಆಗಿರುತ್ತವೆ. ಅದನ್ನು ಒಡೆಯುವುದು ಆಗದ ಮಾತು. ಆದರೆ ಬೀಗದ ಕೈ ಎಲ್ಲಿದೆ? ಅದೂ ಅದೇ ಕಂಪ್ಯೂಟರಿನಲ್ಲಿ, ವಿಂಡೋಸ್ ವಶದಲ್ಲಿದೆ. ನೀವು ಲಾಗಿನ್ ಆದ ಮೇಲೆ ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಕೇಳಿದರೂ ವಿಂಡೋಸ್ ಬೀಗ ತೆಗೆದುಕೊಡುತ್ತಿತ್ತು, ಕೇಳಿದ್ದು ಕ್ರೋಮೋ ಕಳ್ಳನೋ ಎಂದು ನೋಡುತ್ತಿರಲಿಲ್ಲ. ಇದನ್ನು ತಡೆಯಲು 2024ರ ಜುಲೈನಲ್ಲಿ, ಕ್ರೋಮ್ 127ರಿಂದ, ಕೇಳುತ್ತಿರುವುದು ಕ್ರೋಮೇ ಹೌದಾ ಎಂದು ಪರೀಕ್ಷಿಸುವ ಇನ್ನೊಂದು ಬೀಗವನ್ನು ಗೂಗಲ್ ಸೇರಿಸಿತು. ಈ ಬೀಗ ಮೊದಲು ಬಿದ್ದದ್ದು ಕುಕೀಗಳಿಗೆ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂದು ನೆನಪಿಡಲು ಸೈಟ್‌ಗಳು ಬ್ರೌಸರಿನಲ್ಲಿ ಇಡುವ ಗುರುತುಗಳಿಗೆ. ಕೆಲವೇ ತಿಂಗಳಲ್ಲಿ ಕಳ್ಳ ಪ್ರೋಗ್ರಾಂ ಬರೆಯುವವರು ಅದಕ್ಕೂ ದಾರಿ ಹುಡುಕಿಕೊಂಡರು.

ಈ ಕಳ್ಳ ಪ್ರೋಗ್ರಾಂಗಳಿಗೆ ಇನ್ಫೋಸ್ಟೀಲರ್ ಅನ್ನುತ್ತಾರೆ. ರೆಡ್‌ಲೈನ್, ವಿಡಾರ್, ಲುಮ್ಮಾ ಹೀಗೆ ಹಲವು. ಒಮ್ಮೆ ಓಡಿದರೆ ಸಾಕು, ಸೇವ್ ಮಾಡಿದ ಪಾಸ್‌ವರ್ಡ್, ಕುಕೀ ಎಲ್ಲ ಬಾಚಿಕೊಂಡು ಹೊರಗೆ ಕಳಿಸುತ್ತವೆ. 2025ರ ಮಾರ್ಚ್ 16ರಿಂದ ಮೇ 16ರ ನಡುವೆ 3,94,000ಕ್ಕೂ ಜಾಸ್ತಿ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಲುಮ್ಮಾ ಕಂಡಿತ್ತು ಎಂದು ಮೈಕ್ರೋಸಾಫ್ಟ್ ಹೇಳಿದೆ. ಕುಕೀ ಹೋದರೆ ಇನ್ನೂ ಕಷ್ಟ, ಯಾಕೆಂದರೆ ಆಗಲೇ ಲಾಗಿನ್ ಆಗಿರುವ ಅಕೌಂಟಿಗೆ ಒಟಿಪಿ ಇಲ್ಲದೆಯೇ ನುಗ್ಗಬಹುದು.

ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಂಗಡಿಯ ಫೋಟೋಶಾಪ್ ದುಡ್ಡು ಕೊಟ್ಟು ತಂದಿದ್ದಾ, ಕ್ರ್ಯಾಕ್ ಮಾಡಿದ್ದಾ? ಇನ್ಫೋಸ್ಟೀಲರ್‌ಗಳು ಒಳಗೆ ಬರುವ ದೊಡ್ಡ ಬಾಗಿಲು ಕ್ರ್ಯಾಕ್ ಸಾಫ್ಟ್‌ವೇರ್. ‘ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎಂದು ಬರೆದಿರುತ್ತದೆ, ನಾವು ಹಾಗೇ ಮಾಡುತ್ತೇವೆ. ಇನ್ನೊಂದು ಬಾಗಿಲು ಈಚಿನದು. ನೀವು ರೋಬೋಟ್ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಪೇಸ್ಟ್ ಮಾಡಿ, ಎಂಟರ್ ಒತ್ತಿ ಅನ್ನುವ ಪುಟಗಳು. ಅಂಥದ್ದು ಕಂಡರೆ ತಕ್ಷಣ ಮುಚ್ಚಿಬಿಡಿ. ಸರಿಯಾದ ಯಾವ ಸೈಟೂ ಹಾಗೆ ಕೇಳುವುದಿಲ್ಲ.

ಹುಡುಗರಿಗೆ ಬೇರೆ ಬೇರೆ ವಿಂಡೋಸ್ ಅಕೌಂಟ್ ಮಾಡಿಕೊಡಿ, ಅಡ್ಮಿನ್ ಅಧಿಕಾರ ಬೇಡ. ಕ್ರೋಮ್‌ನಲ್ಲಿ ಸುಮ್ನೆ ಇನ್ನೊಂದು ಪ್ರೊಫೈಲ್ ಮಾಡಿದರೆ ಸಾಲದು, ಒಂದು ಪ್ರೊಫೈಲ್‌ನಿಂದ ಇನ್ನೊಂದಕ್ಕೆ ಹೋಗಲು ಎರಡು ಕ್ಲಿಕ್ ಸಾಕು. ಬ್ಯಾಂಕ್ ಮತ್ತು ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರಿನಿಂದ ಇವತ್ತೇ ಅಳಿಸಿ, ಹೊಸ ಪಾಸ್‌ವರ್ಡನ್ನು ನಿಮ್ಮ ಫೋನಿನಿಂದ ಹಾಕಿ. ಎಲ್ಲ ಕಡೆಯಿಂದ ಸೈನ್ ಔಟ್ ಮಾಡುವುದನ್ನೂ ಮರೆಯಬೇಡಿ. ದುಡ್ಡೇ ಹೋದರೆ ಮಾತ್ರ ಒಂದು ಗಂಟೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ಫೈರ್‌ಫಾಕ್ಸ್ ಬ್ರೌಸರ್ ಕ್ರೋಮ್‌ಗಿಂತ ಭದ್ರ ಅನ್ನುತ್ತಾರೆ, ನಿಜವಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಪ್ರೈಮರಿ ಪಾಸ್‌ವರ್ಡ್, ಅಂದರೆ ಸೇವ್ ಆದ ಎಲ್ಲ ಪಾಸ್‌ವರ್ಡ್‌ಗೂ ಒಂದೇ ಬೀಗವಾಗುವ ಪಾಸ್‌ವರ್ಡ್, ಹಾಕಿಕೊಂಡರೆ ಹೌದು. ಹಾಕದಿದ್ದರೆ ಇಲ್ಲ. ಫೈರ್‌ಫಾಕ್ಸ್ ಪಾಸ್‌ವರ್ಡ್‌ಗಳನ್ನು ಒಂದು ಫೈಲಿನಲ್ಲೂ ಕೀಲಿಯನ್ನು ಅದರ ಪಕ್ಕದ ಇನ್ನೊಂದು ಫೈಲಿನಲ್ಲೂ ಇಡುತ್ತದೆ. ಪ್ರೈಮರಿ ಪಾಸ್‌ವರ್ಡ್ ಇಲ್ಲದಿದ್ದರೆ ಆ ಎರಡು ಫೈಲ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಹೋದವರು ಮನೆಯಲ್ಲಿ ಕೂತು ಎಲ್ಲ ಓದಬಹುದು. ಈ ಸೌಲಭ್ಯ ಮೊದಲೇ ಆನ್ ಆಗಿ ಬರುವುದಿಲ್ಲ, ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಮಾಡಿಕೊಳ್ಳಬೇಕು. ಉದ್ದನೆಯದನ್ನೇ ಇಡಿ.

ಪ್ರಶ್ನೆ: ಆಫೀಸ್ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ನನ್ನ ಸ್ವಂತ ಜಿಮೇಲ್ ಹಾಕಿಕೊಂಡಿದ್ದೇನೆ. ಬುಕ್‌ಮಾರ್ಕ್ ಎಲ್ಲ ಸಿಗುತ್ತವೆ ಅಂತ ಅಷ್ಟೇ. ಐಟಿ ವಿಭಾಗದವರು ಬೇಡ ಅನ್ನುತ್ತಾರೆ. ಇದರಲ್ಲಿ ಅಂಥ ಅಪಾಯ ಏನಿದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅವರ ಮಾತು ಕೇಳಿ. 2023ರಲ್ಲಿ ಓಕ್ಟಾ ಕಂಪನಿಯಲ್ಲಿ ಆಗಿದ್ದು ಇದೇ. ಕಂಪನಿಗಳಿಗೆ ಲಾಗಿನ್ ಭದ್ರತೆ ಒದಗಿಸುವುದೇ ಅದರ ವ್ಯಾಪಾರ. ಅಲ್ಲಿನ ಉದ್ಯೋಗಿಯೊಬ್ಬರು ಕಂಪನಿ ಲ್ಯಾಪ್‌ಟಾಪಿನ ಕ್ರೋಮ್‌ಗೆ ಸ್ವಂತ ಗೂಗಲ್ ಅಕೌಂಟ್ ಹಾಕಿಕೊಂಡಿದ್ದರು, ಕಂಪನಿಯ ಒಂದು ಸರ್ವಿಸ್ ಅಕೌಂಟಿನ (ಒಬ್ಬ ವ್ಯಕ್ತಿಯದಲ್ಲದ, ವ್ಯವಸ್ಥೆಯ ಕೆಲಸಕ್ಕೆ ಇರುವ ಅಕೌಂಟ್) ಪಾಸ್‌ವರ್ಡ್ ಅದರಲ್ಲಿ ಸೇವ್ ಆಯಿತು. ಅವರ ಗೂಗಲ್ ಅಕೌಂಟ್ ಅಥವಾ ಸ್ವಂತ ಸಾಧನ ಕಳ್ಳರ ಕೈಗೆ ಸಿಕ್ಕಿದ್ದರಿಂದಲೇ ಆ ಪಾಸ್‌ವರ್ಡ್ ಹೋಗಿರಬೇಕು ಎಂದು ಕಂಪನಿ ಹೇಳಿತು. 134 ಗ್ರಾಹಕ ಕಂಪನಿಗಳ ಫೈಲುಗಳನ್ನು ಕಳ್ಳರು ತೆರೆದಿದ್ದರು. ಅದಕ್ಕೂ ಹಿಂದಿನ ವರ್ಷ ನೆಟ್‌ವರ್ಕ್ ಸಾಧನಗಳ ಕಂಪನಿ ಸಿಸ್ಕೋಗೆ ನುಗ್ಗಿದವರು ಹಿಡಿದಿದ್ದೂ ಇದೇ ದಾರಿ, ಒಬ್ಬ ಉದ್ಯೋಗಿಯ ಸ್ವಂತ ಗೂಗಲ್ ಅಕೌಂಟ್. ಬುಕ್‌ಮಾರ್ಕ್ ಬೇಕಿದ್ದರೆ ಫೈಲ್ ಮಾಡಿ ಒಯ್ಯಬಹುದು, ಅದಕ್ಕಾಗಿ ಸಿಂಕ್, ಅಂದರೆ ಅಕೌಂಟ್ ಹಾಕಿದ ಕಡೆಯೆಲ್ಲ ಎಲ್ಲವೂ ತಾನೇ ಬರುವ ಸೌಲಭ್ಯ, ಬೇಕಿಲ್ಲ. ನಿಮ್ಮ ಸ್ವಂತ ಕೆಲಸ ಫೋನಿನಲ್ಲೇ ಇರಲಿ.

ಪ್ರಶ್ನೆ: ಮಗಳ ಸಿಇಟಿ ಅರ್ಜಿಯನ್ನು ಸೈಬರ್ ಸೆಂಟರ್‌ನಲ್ಲಿ ತುಂಬಿಸಿದೆವು. ‘ಸೇವ್ ಪಾಸ್‌ವರ್ಡ್’ ಅಂತ ಬಂದಾಗ ಅಲ್ಲಿನವರು ಒತ್ತಿಬಿಟ್ಟರು. ಈಗ ಭಯವಾಗುತ್ತಿದೆ.
– ಓದುಗರೊಬ್ಬರು, ರಾಯಚೂರು

ಉತ್ತರ: ಗಾಬರಿ ಬೇಡ. ಮನೆಯಿಂದಲೇ, ನಿಮ್ಮ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿ. ಅಲ್ಲಿ ಸೇವ್ ಆದದ್ದು ಕೆಲಸಕ್ಕೆ ಬಾರದಂತಾಗುತ್ತದೆ. ಆದರೆ ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ ಎಂದು ಮೊದಲು ನೋಡಿ. ಎಷ್ಟೋ ಕಡೆ ಅವಸರಕ್ಕೆ ಸೆಂಟರಿನವರ ನಂಬರನ್ನೇ ಹಾಕಿಬಿಡುತ್ತಾರೆ. ಹಾಗಾಗಿದ್ದರೆ ಒಟಿಪಿ ಹೋಗುವುದು ಅವರಿಗೆ, ನೀವು ಪಾಸ್‌ವರ್ಡ್ ಬದಲಿಸಿಯೂ ಪ್ರಯೋಜನವಿಲ್ಲ. ಆಪ್ಷನ್ ಎಂಟ್ರಿ (ಕಾಲೇಜು, ಕೋರ್ಸ್ ಆಯ್ಕೆ) ಶುರುವಾಗುವ ಮೊದಲೇ ನಂಬರ್ ಸರಿಮಾಡಿಸಿಕೊಳ್ಳಿ, ಮಗಳ ಸೀಟಿನ ವಿಷಯ ಅಲ್ವಾ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಪಾಸ್‌ವರ್ಡ್‌ಗಳನ್ನು ಡೈರಿಯಲ್ಲಿ ಬರೆದಿಡುತ್ತೇನೆ, ಮಗ ಬೈಯುತ್ತಾನೆ. ತಪ್ಪಾ?
– ಓದುಗರೊಬ್ಬರು, ಶಿರಸಿ

ಉತ್ತರ: ತಪ್ಪೇನಿಲ್ಲ ಮೇಡಂ. ಮನೆಯ ಡೈರಿಗೆ ದೂರದ ಯಾವ ಕಳ್ಳನೂ ಕೈ ಹಾಕಲಾರ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ ಮಾತ್ರ ಮಗ ಬೈಯುವುದು ಸರಿ. ಆದರೆ ನಿಮ್ಮೊಬ್ಬರದೇ ಕಂಪ್ಯೂಟರ್ ಇದ್ದು, ಅದಕ್ಕೊಂದು ಗಟ್ಟಿ ಪಾಸ್‌ವರ್ಡೂ ಇದ್ದರೆ ಬ್ರೌಸರಿನಲ್ಲಿ ಸೇವ್ ಮಾಡುವುದರಿಂದ ಒಂದು ಒಳ್ಳೆಯ ಉಪಯೋಗವಿದೆ. ಬ್ಯಾಂಕಿನ ಸೈಟಿನ ಹಾಗೇ ಕಾಣುವ ನಕಲಿ ಪುಟಕ್ಕೆ ನೀವು ಹೋದರೆ ಡೈರಿ ಎಚ್ಚರಿಸುವುದಿಲ್ಲ. ಬ್ರೌಸರ್ ವಿಳಾಸ ನೋಡುತ್ತದೆ, ಒಂದಕ್ಷರ ಬೇರೆ ಇದ್ದರೂ ಪಾಸ್‌ವರ್ಡ್ ತುಂಬಿಸುವುದಿಲ್ಲ. ದಿನವೂ ತಾನೇ ತುಂಬಿಸುತ್ತಿದ್ದ ಜಾಗ ಒಂದು ದಿನ ಖಾಲಿ ಇದ್ದರೆ ಡೈರಿ ತೆರೆಯಬೇಡಿ, ಮೊದಲು ಮೇಲಿನ ವಿಳಾಸ ಓದಿ.