ಹಳೆ ಸ್ಪ್ಲೆಂಡರ್‌ನ ಟೈಮಿಂಗ್ ಚೈನ್ ಸದ್ದು: ಪೂರ್ತಿ ಎಂಜಿನ್ ಬಿಚ್ಚಬೇಕಾ?

ನಿಮ್ಮ ಪ್ರಶ್ನೆ ಇಷ್ಟು: 2008ರ ಸ್ಪ್ಲೆಂಡರ್, 1,15,000 ಕಿ.ಮೀ. ಓಡಿದೆ, ಎಂಜಿನ್ನಿನ ಎಡಗಡೆಯಿಂದ ಕರಕರ ಸದ್ದು ಬರುತ್ತಿದೆ, ಪುಣೆಯ ಹಡಪ್ಸರದ ಮೆಕ್ಯಾನಿಕ್ ‘ಇಂಜಿನ್ ಖೋಲಾಯ್ಲಾ ಲಾಗೇಲ್’ (ಎಂಜಿನ್ ಬಿಚ್ಚಬೇಕಾಗುತ್ತದೆ) ಅಂದಿದ್ದಾರೆ. ಟೈಮಿಂಗ್ ಚೈನ್ (ಎಂಜಿನ್ನಿನೊಳಗೆ ವಾಲ್ವ್‌ಗಳನ್ನು ನಡೆಸುವ ಚೈನು) ಒಂದನ್ನೇ ಬದಲಿಸಿದರೆ ಸಾಕಾ, ಇಲ್ಲ ಗಾಡಿಯನ್ನೇ ಮಾರಿಬಿಡಲಾ?

ಮಾರಬೇಡಿ. ಪೂರ್ತಿ ಎಂಜಿನ್ ಬಿಚ್ಚುವುದೂ ಸದ್ಯಕ್ಕೆ ಬೇಡ. ಹಾಗಂತ ಚೈನ್ ಒಂದನ್ನೇ ಬದಲಿಸಿ ಸುಮ್ಮನಾಗಲೂಬೇಡಿ. ಆ ತಪ್ಪಿಗೆ ನಾನು ಒಮ್ಮೆ ದುಡ್ಡು ಕೊಟ್ಟಿದ್ದೇನೆ.

ನಾನು ಸಂಕೇಶ್ವರದವನು, ಪುಣೆ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟರ್ನರ್ ಕೆಲಸ. ನನ್ನದೂ ಕಿಕ್ ಸ್ಪ್ಲೆಂಡರ್. ಊರಿಗೆ ಸುಮಾರು 300 ಕಿ.ಮೀ., ಹಬ್ಬಕ್ಕೆ ಬಸ್ ಸಿಗದಿದ್ದಾಗಲೆಲ್ಲ ಅದರ ಮೇಲೇ ಹೋಗಿ ಬಂದವನು. ಒಂದು ದೀಪಾವಳಿಗೆ ಪುಣೆ–ಸಾತಾರಾ ದಾರಿಯ ಖಂಬಾಟಕಿ ಘಾಟ್ ಹತ್ತುವಾಗ ಗಾಡಿ ಎಳೆಯಲೇ ಇಲ್ಲ. ಹೆಂಡತಿ, ಒಂದು ಚೀಲ, ಇಷ್ಟೇ ಭಾರ. ಮೊದಲೆಲ್ಲ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವಿನಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಸದ್ದು ಅದಕ್ಕೂ ಮೂರು ತಿಂಗಳ ಮುಂಚೆಯೇ ಶುರುವಾಗಿತ್ತು, ನಾನು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಇರಬೇಕು ಅಂತ ಬಿಟ್ಟಿದ್ದೆ.

ಪುಣೆಗೆ ವಾಪಸ್ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ಚೈನ್ ಹಾಕಿಸಿದೆ. ಸಂಜೆ ಗಾಡಿ ಹೊಸದರಂತೆ ಮೆತ್ತಗಿತ್ತು. ನಾಲ್ಕನೇ ತಿಂಗಳಿಗೆ ಅದೇ ಕರಕರ. ಅವರು ಚೈನ್ ಮಾತ್ರ ಹೊಸದು ಹಾಕಿ, ಚೈನನ್ನು ಬಿಗಿಯಾಗಿಡುವ ಹಳೆ ರೋಲರ್, ಹಳೆ ಟೆನ್ಷನರ್ ಸ್ಪ್ರಿಂಗ್ ಎಲ್ಲವನ್ನೂ ಇದ್ದಂತೆಯೇ ಕೂರಿಸಿದ್ದರು. ಎರಡನೇ ಸಲ ರಜೆ ದಿನ ನಾನೇ ಬಿಚ್ಚಿದೆ, ಜೊತೆಗೆ ಜಮಖಂಡಿ ಕಡೆಯ ಒಬ್ಬ ಮೆಕ್ಯಾನಿಕ್ ಇದ್ದರು. ಮುಂದೆ ಬರೆದಿರುವುದು ಹೆಚ್ಚಿನ ಪಾಲು ಅವರಿಂದ ಕಲಿತದ್ದು.

ಮೊದಲು ಸದ್ದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನು ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಿ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಎಡಗಡೆಯ ದುಂಡು ಕವರಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳಿ. ಟ್ಯಾಪೆಟ್ ಆದರೆ ಹೊಲಿಗೆ ಮಷಿನ್ನಿನ ಹಾಗೆ ಸಣ್ಣಗೆ, ಲೆಕ್ಕವಿಟ್ಟಂತೆ ಟಿಕ್ ಟಿಕ್ ಅನ್ನುತ್ತದೆ. ಟೈಮಿಂಗ್ ಚೈನ್ ಆದರೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತೆ ಲಯವಿಲ್ಲದ ಕರಕರ, ಅದರಲ್ಲೂ ರೇಸ್ ಕೊಟ್ಟು ತಟ್ಟನೆ ಬಿಟ್ಟಾಗ ಜಾಸ್ತಿ. ಪಿಸ್ಟನ್ ಸದ್ದು ಇವೆರಡಕ್ಕಿಂತ ದಪ್ಪ, ಎಂಜಿನ್ ಬಿಸಿಯಾಗುತ್ತಾ ಹೋದಂತೆ ಇಳಿಯುತ್ತದೆ. ಎಣ್ಣೆ ಮಟ್ಟ ನೋಡುವುದನ್ನೂ ಮರೆಯಬೇಡಿ. ಈ ಎಂಜಿನ್ನಿಗೆ ಬೇಕಾದದ್ದೇ ಒಂದು ಲೀಟರಿಗಿಂತ ಕಡಿಮೆ, ಅದರಲ್ಲಿ ಕಾಲು ಲೀಟರ್ ಕಮ್ಮಿಯಾದರೂ ಮೊದಲು ನರಳುವುದು ಚೈನು. ಟ್ಯಾಪೆಟ್ ಗ್ಯಾಪ್ ಸರಿಮಾಡಿಸಿ, ಎಣ್ಣೆ ಬದಲಿಸಿ, ಆಮೇಲೂ ಸದ್ದು ಇದ್ದರೆ ಮುಂದಿನ ಮಾತು.

ಚೈನ್ ಉದ್ದವಾಗಿದೆ ಅಂತ ಎಲ್ಲರೂ ಹೇಳುತ್ತೇವೆ, ಕಬ್ಬಿಣವೇನೂ ಎಳೆದು ಉದ್ದವಾಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆಯುತ್ತದೆ, ಎಲ್ಲ ಕೊಂಡಿಗಳ ಸವೆತ ಸೇರಿ ಚೈನ್ ಉದ್ದವಾಗುತ್ತದೆ. ನಾನು ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ ನೋಡಿದೆ, ವರ್ನಿಯರ್‌ನಲ್ಲಿ ಎರಡು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಇಷ್ಟೇನಾ ಅನ್ನಿಸಿತು. ಆಮೇಲೆ ಎರಡನ್ನೂ, ಕೊಂಡಿ ಮಡಚದ ಮಗ್ಗುಲು ಕೆಳಗೆ ಬರುವಂತೆ, ಅಡ್ಡಡ್ಡ ಹಿಡಿದೆ. ಹೊಸದು ಕೋಲಿನ ಹಾಗೆ ನೆಟ್ಟಗೆ ನಿಂತಿತು, ಹಳೆಯದು ಬಾಡಿದ ಹುರುಳಿಕಾಯಿಯ ಹಾಗೆ ಬಾಗಿ ಜೋತುಬಿತ್ತು. ಪಿಸ್ಟನ್ ತಿರುಗಿಸುವ ಕ್ರ್ಯಾಂಕು, ವಾಲ್ವ್ ತೆರೆಯುವ ಕ್ಯಾಮನ್ನು ಈ ಚೈನಿನಿಂದಲೇ ಎಳೆಯುವುದು. ಎಳೆಯುವ ಕಡೆ ಉದ್ದವಾದಷ್ಟೂ ಕ್ಯಾಮ್ ಹಿಂದೆ ಬೀಳುತ್ತದೆ, ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ಕಡಿಮೆ ರೇಸಿನಲ್ಲಿ ಗಾಡಿ ಎಳೆಯದಿರುವುದು ಅದಕ್ಕೇ. ಘಾಟಿನಲ್ಲಿ ನನ್ನ ಗಾಡಿ ಸೋತದ್ದು ಬರೀ 97.2 ಸಿಸಿ ಅಂತ ಅಲ್ಲ.

ಇನ್ನು ಟೆನ್ಷನರ್. ಎಂಜಿನ್ನಿನ ಎಡಗಡೆ ಕೆಳಗೆ ಒಂದು ದಪ್ಪ ಬೋಲ್ಟ್ ಇದೆ, ಅದನ್ನು ತೆಗೆದರೆ ಸ್ಪ್ರಿಂಗು, ಪುಶ್ ರಾಡು ಸಿಗುತ್ತವೆ. ಸ್ಪ್ರಿಂಗ್ ರಾಡನ್ನು ಮೇಲಕ್ಕೆ ತಳ್ಳುತ್ತದೆ, ರಾಡ್ ರೋಲರಿನ ತೋಳನ್ನು ಒತ್ತುತ್ತದೆ, ರೋಲರ್ ಚೈನನ್ನು ಬಿಗಿಯಾಗಿಡುತ್ತದೆ. ಚೈನಿನ ಕುಣಿತವನ್ನು ಒಳಗಿನ ಎಣ್ಣೆ ತಡೆಯುತ್ತದೆ. ನನ್ನ ಗಾಡಿಯ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿದರೆ ಕುಳ್ಳಗೆ ಕಾಣುತ್ತಿತ್ತು. ರೋಲರಿನ ರಬ್ಬರ್ ಹದಿನಾಲ್ಕು ವರ್ಷದ ಶಾಖಕ್ಕೆ ಹಲಗೆಯಂತಾಗಿತ್ತು, ಉಗುರು ಒತ್ತಿದರೆ ಗುರುತೂ ಮೂಡುತ್ತಿರಲಿಲ್ಲ, ನಡುವೆ ಚೈನ್ ಕೊರೆದ ಎರಡು ಗಾಡಿಜಾಡು. ಅಂಥ ರೋಲರ್ ಮೇಲೆ ಹೊಸ ಚೈನ್ ಹಾಕಿದರೆ ಸದ್ದು ಎಷ್ಟು ದಿನ ನಿಲ್ಲುತ್ತದೆ ಹೇಳಿ.

ಆ ರೋಲರಿನಿಂದ ಉದುರಿದ ರಬ್ಬರ್ ಎಲ್ಲಿ ಹೋಯಿತು ಅನ್ನುವುದನ್ನು ನಮ್ಮ ಮೆಕ್ಯಾನಿಕ್ ತೋರಿಸಿದ್ದು. ಬಲಗಡೆಯ ಕವರ್ ಬಿಚ್ಚಿ ಕೆಳಗಿನ ಎಣ್ಣೆ ಜಾಲರಿಯನ್ನು ಈಚೆಗೆಳೆದರು. ಚಹಾ ಸೋಸುವ ಜಾಲರಿಯಲ್ಲಿ ಪುಡಿ ನಿಂತ ಹಾಗೆ ಕಪ್ಪು ಚೂರುಗಳು ಅರ್ಧ ಮುಚ್ಚಿದ್ದವು. ಎಣ್ಣೆ ಪಂಪಿಗೆ ಹೋಗುವುದು ಅದರ ಮೂಲಕವೇ. ಸದ್ದು ಮಾತ್ರ ತಾನೇ, ಓಡಲಿ ಬಿಡು ಅಂತ ಇದ್ದಿದ್ದರೆ ಎಣ್ಣೆ ಸಾಲದೆ ಕ್ಯಾಮ್ ಹೋಗುತ್ತಿತ್ತು. ದಯವಿಟ್ಟು ಈ ಕೆಲಸ ಬಿಡಬೇಡಿ. ಬಲಗಡೆಯ ಗ್ಯಾಸ್ಕೆಟ್ ಒಂದು ಹೆಚ್ಚಿಗೆ ಬೇಕಾಗುತ್ತದೆ, ಅಷ್ಟೇ ಖರ್ಚು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಈ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಬದಲಿಸಲು ಹೆಡ್ ಎತ್ತಬೇಕಿಲ್ಲ, ಬ್ಲಾಕ್ ಎಳೆಯಬೇಕಿಲ್ಲ, ಎಂಜಿನ್ನನ್ನು ಚಾಸಿಯಿಂದ ಇಳಿಸಬೇಕಿಲ್ಲ. ಎಣ್ಣೆ ಇಳಿಸಿ, ಎಡಗಡೆಯ ಕವರ್ ತೆಗೆದು, ಮ್ಯಾಗ್ನೆಟ್ಟನ್ನು (ಕ್ರ್ಯಾಂಕಿನ ತುದಿಯ ಅಯಸ್ಕಾಂತದ ಚಕ್ರ) ಪುಲ್ಲರ್ ಹಾಕಿ ಎಳೆದು, ಅದರ ಹಿಂದಿನ ಕಾಯಿಲ್ ಪ್ಲೇಟ್ ಬಿಚ್ಚಿದರೆ ಚೈನಿನ ಕೆಳತುದಿ ಎದುರಿಗೇ ಇರುತ್ತದೆ. ಮೇಲೆ ಹೆಡ್‌ನ ದುಂಡು ಕವರ್ ತೆಗೆದರೆ ಕ್ಯಾಮ್ ಸ್ಪ್ರಾಕೆಟ್. ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಹೊಡೆದು ಮ್ಯಾಗ್ನೆಟ್ ತೆಗೆಯಲು ಹೊರಟವರ ಕೈಗೆ ಗಾಡಿ ಕೊಡಬೇಡಿ, ಕ್ರ್ಯಾಂಕ್ ಕೆಡುತ್ತದೆ.

ಬಿಚ್ಚುವ ಮೊದಲೇ ಮ್ಯಾಗ್ನೆಟ್ಟಿನ ಟಿ ಗುರುತನ್ನು ಸೂಚಕ ಗೆರೆಗೆ, ಕ್ಯಾಮ್ ಸ್ಪ್ರಾಕೆಟ್ಟಿನ ಸೊನ್ನೆ ಗುರುತನ್ನು ಹೆಡ್‌ನ ಕಚ್ಚಿಗೆ ಹೊಂದಿಸಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸ್ಪ್ರಾಕೆಟ್ಟಿನ ಬೋಲ್ಟ್ ಸಡಿಲಿಸುವಾಗ ಅದರ ಕೆಳಗಿನ ಪೊಳ್ಳಿಗೆ ಬಟ್ಟೆ ತುರುಕಿ. ನಾನು ತುರುಕಿರಲಿಲ್ಲ. ಬೋಲ್ಟ್ ಬೆರಳಿಂದ ಜಾರಿ, ಟಣ್ ಅಂತ ಒಂದು ಸಲ ಬಡಿದು ಒಳಗೆ ಹೋಯಿತು. ಅಯಸ್ಕಾಂತದ ಕಡ್ಡಿ ಇಳಿಸಿ ಅದನ್ನು ಹುಡುಕಲು ಮುಕ್ಕಾಲು ಗಂಟೆ. ಹೊಸ ಚೈನನ್ನು ತಂತಿಗೆ ಕಟ್ಟಿ ಪೊಳ್ಳಿನೊಳಗಿಂದ ಎಳೆದುಕೊಳ್ಳಿ, ಕೈಯಲ್ಲಿ ತಳ್ಳುತ್ತಾ ಕೂರಬೇಡಿ.

ಜೋಡಿಸುವಾಗ ಪುಶ್ ರಾಡಿಗೂ ಅದರ ತೂತಿಗೂ ಎಂಜಿನ್ ಎಣ್ಣೆ ಹಾಕಿ. ಎಲ್ಲ ಬಿಗಿಯಾದ ಮೇಲೆ ಪ್ಲಗ್ ತೆಗೆದು ಮ್ಯಾಗ್ನೆಟ್ಟನ್ನು ಕೈಯಿಂದಲೇ, ಗಾಡಿ ಓಡುವ ದಿಕ್ಕಿಗೆ, ಎರಡು ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು, ಎರಡೂ ಗುರುತುಗಳು ಮತ್ತೆ ಕೂಡಬೇಕು. ಒಂದೇ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ. ತಿರುಗುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಿ ಕಿಕ್ ಹೊಡೆದರೆ ವಾಲ್ವ್ ಬಗ್ಗಬಹುದು.

ಬಿಡಿಭಾಗಕ್ಕೆ ಪುಣೆಯ ನಾನಾ ಪೇಠಕ್ಕೆ ಹೋಗಿ, ಬಿಡಿ ಚೈನ್ ಕೇಳದೆ ರೋಲರ್, ಟೆನ್ಷನರ್ ಸಮೇತ ಕಿಟ್ ಕೇಳಿ. ಕಂಪನಿಯ ಮೂಲ ಕಿಟ್ಟೇ ಸಾವಿರ ರೂಪಾಯಿ ಒಳಗೆ ನನಗೆ ಸಿಕ್ಕಿತ್ತು. ಸ್ಪ್ರಿಂಗ್ ಕಿಟ್ಟಿನಲ್ಲಿ ಇಲ್ಲದಿದ್ದರೆ ಬೇರೆ ತನ್ನಿ, ಓ ರಿಂಗುಗಳನ್ನೂ ಹಳೆಯದು ಹಾಕಿಸಬೇಡಿ.

ಪೂರ್ತಿ ಎಂಜಿನ್ ಬಿಚ್ಚಬೇಕಾದ ಸಂದರ್ಭಗಳೂ ಇವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಎಣ್ಣೆ ಪದೇ ಪದೇ ಕಮ್ಮಿಯಾಗುವುದು, ಕಿಕ್ ಒತ್ತಿದರೆ ತಡೆಯೇ ಇಲ್ಲದೆ ಇಳಿಯುವುದು, ಬೇರಿಂಗಿನ ಗೊರಗೊರ. ಇನ್ನೊಂದು, ಮ್ಯಾಗ್ನೆಟ್ ತೆಗೆದ ಮೇಲೆ ಕ್ರ್ಯಾಂಕಿನ ಚಿಕ್ಕ ಸ್ಪ್ರಾಕೆಟ್ ಹಲ್ಲುಗಳನ್ನು ಟಾರ್ಚ್ ಹಾಕಿ ನೋಡಿ. ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಹೊಸ ಚೈನನ್ನೂ ಬೇಗ ತಿಂದುಹಾಕುತ್ತವೆ. ಅದನ್ನು ಹೀಗೆ ಹೊರಗಿನಿಂದ ಬದಲಿಸಲಾಗದು, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ. ನಿಮ್ಮ ಪ್ರಶ್ನೆಯಲ್ಲಿ ಹೊಗೆಯ ಮಾತೇ ಇಲ್ಲ, ಹಾಗಾಗಿ ಎಡಗಡೆ ಬಿಚ್ಚಿ ನೋಡುವವರೆಗೆ ದೊಡ್ಡ ಕೆಲಸಕ್ಕೆ ಒಪ್ಪಬೇಡಿ.

ಕೆಲಸವಾದ ಮೇಲೆ 500 ಕಿ.ಮೀ.ಗೆ ಎಣ್ಣೆ ಇಳಿಸಿ ಒಂದು ಸ್ಟೀಲ್ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ನೋಡಿ, ಬೆಳ್ಳಿ ಪುಡಿಯಂಥ ಮಿನುಗು ಇರಬಾರದು. ಇದ್ದರೆ ಚೈನ್ ಎಲ್ಲೋ ಅಲ್ಯೂಮಿನಿಯಂ ಗೋಡೆಗೆ ಉಜ್ಜುತ್ತಿದೆ ಅಂತ, ಮತ್ತೆ ತೆಗೆಸಿ. ನನ್ನ ತಟ್ಟೆಯಲ್ಲಿ ಬರೀ ಎಣ್ಣೆ ಇತ್ತು. ಮುಂದೆ ಬಂದ ಸಂಕ್ರಾಂತಿಗೆ ಖಂಬಾಟಕಿಯನ್ನು ಮೂರನೇ ಗೇರಿನಲ್ಲೇ ಹತ್ತಿದೆವು.